ರಸ್ತೆ ಯಾರದ್ದು ಅಂತ ಕೇಳದೆ ಓಡಿದವರು: ಲಾಗೋಸ್‌ನ ಬೈಕ್ ಟ್ಯಾಕ್ಸಿ ಪೈಪೋಟಿಯ ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಂಪನಿಗಳ ಹೆಸರು ಬರುವುದಿಲ್ಲ. ಊರು ನಿಜ, ಕಾನೂನು ನಿಜ, ತಾರೀಕು ನಿಜ. ಹೆಸರು ಮಾತ್ರ ನಾನಿಟ್ಟಿದ್ದು. ಬೈಕ್ ಸವಾರಿಯನ್ನು ಆ್ಯಪ್‌ಗೆ ಮೊದಲು ತಂದವನು ಹಿರಿಯ. ಅವನ ಬೆನ್ನಿಗೇ ಬಂದವನು ನಡುವಿನವನು. ಎಲ್ಲರಿಗಿಂತ ಕೊನೆಗೆ, ಜೇಬು ತುಂಬಿಸಿಕೊಂಡು ಬಂದವನು ಸಾಹುಕಾರ. ಕಥೆ ಜಾಸ್ತಿ ನಡುವಿನವನದ್ದು. ಮೂವರಲ್ಲಿ ಅತಿ ಹೆಚ್ಚು ಪಾಠ ಕಲಿತವನೂ ಅವನೇ, ಅತಿ ಹೆಚ್ಚು ಪೆಟ್ಟು ತಿಂದವನೂ ಅವನೇ.

ಲಾಗೋಸ್ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನೈಜೀರಿಯಾದ ರಾಜಧಾನಿ 1991ರಲ್ಲಿ ಅಬುಜಾಗೆ ಹೋಯಿತು. ದುಡ್ಡು, ಬಂದರು, ಬ್ಯಾಂಕು, ಜನ ಎಲ್ಲ ಲಾಗೋಸ್‌ನಲ್ಲೇ ಉಳಿಯಿತು. ಊರು ನೀರಿನಿಂದ ಎರಡು ಹೋಳಾಗಿದೆ. ಆಫೀಸುಗಳು ಹೆಚ್ಚಾಗಿ ದ್ವೀಪದ ಕಡೆ, ಮನೆಗಳು ಮೇನ್‌ಲ್ಯಾಂಡ್ ಕಡೆ, ನಡುವೆ ಇರೋದು ಮೂರೇ ಸೇತುವೆ. ಅದರಲ್ಲಿ ಥರ್ಡ್ ಮೇನ್‌ಲ್ಯಾಂಡ್ ಬ್ರಿಡ್ಜ್ ಒಂದೇ 11 ಕಿಲೋಮೀಟರ್‌ಗಿಂತ ಉದ್ದ. ಬೆಳಗ್ಗೆ ಇಡೀ ಊರು ಒಂದು ಕಡೆಗೆ ಹರಿಯುತ್ತದೆ, ಸಂಜೆ ವಾಪಸ್ ಹರಿಯುತ್ತದೆ. ಹರಿಯುತ್ತದೆ ಅನ್ನುವುದು ನನ್ನ ಉದಾರತೆ. ಅಲ್ಲಿನವರು ಟ್ರಾಫಿಕ್ಕಿಗೆ 'ಗೋ-ಸ್ಲೋ' ಅಂತಲೇ ಹೆಸರಿಟ್ಟಿದ್ದಾರೆ.

ಇದಕ್ಕೆ ಜನ ಕಂಡುಕೊಂಡ ಮದ್ದು ಒಕಾಡ, ಅಂದರೆ ಬಾಡಿಗೆ ಬೈಕ್. ಒಂದು ಕಾಲದ ನೈಜೀರಿಯಾದ ವಿಮಾನ ಕಂಪನಿ ಒಕಾಡ ಏರ್. ಬೈಕು ವಿಮಾನದ ಹಾಗೆ ಹಾರಿಕೊಂಡು ಹೋಗುತ್ತದೆ ಅಂತ ತಮಾಷೆಗೆ ಆ ಹೆಸರು ಅಂಟಿಕೊಂಡಿತು. ಕೈ ಎತ್ತಿದರೆ ನಿಲ್ಲುತ್ತದೆ, ಚೌಕಾಸಿ ಮಾಡಿ ಹತ್ತಬೇಕು, ಹೆಲ್ಮೆಟ್ ಇದ್ದರೆ ಪುಣ್ಯ. ಅಂದಹಾಗೆ ಇದರಲ್ಲಿ ನಮಗೂ ಒಂದು ನಂಟಿದೆ. ಆ ಬೀದಿಗಳಲ್ಲಿ ಓಡುವ ಬೈಕುಗಳಲ್ಲಿ ಬಜಾಜ್ ಬಾಕ್ಸರ್, ಟಿವಿಎಸ್ ಲೆಕ್ಕವಿಲ್ಲದಷ್ಟು. ನಡುವಿನವನ ಬೈಕುಗಳೂ ನಮ್ಮ ಪಕ್ಕದ ಹೊಸೂರಿನ ಟಿವಿಎಸ್ ಕಂಪನಿಯ 200 ಸಿಸಿ ಬೈಕುಗಳು. ಈ 200 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣ ಅದರ ಮೇಲೆಯೇ ನಿಂತಿದೆ, ಕೊನೆಗೆ ಕುಸಿದಿದ್ದೂ ಅಲ್ಲೇ.

ಊಬರ್ 2014ರಲ್ಲೇ ಲಾಗೋಸ್‌ಗೆ ಬಂದಿತ್ತು. ಆಮೇಲೆ ಈಗಿನ ಬೋಲ್ಟ್, ಆಗಿನ ಟ್ಯಾಕ್ಸಿಫೈ. ಇಬ್ಬರೂ ದರ ಇಳಿಸಿ ಕಾದಾಡಿದರು. ಆದರೆ ಕಾರು ಎಷ್ಟು ಅಗ್ಗವಾದರೂ ಸೇತುವೆ ಮೇಲೆ ನಿಂತೇ ಇರುತ್ತದಲ್ವಾ. ಹಾಗಾಗಿ ಒಕಾಡವನ್ನೇ ಆ್ಯಪ್‌ಗೆ ತಂದರೆ ಹೇಗೆ ಅನ್ನೋ ಯೋಚನೆ ಬಂತು. ಹಿರಿಯನು ಮೊದಲು ಸಾಮಾನು ತಲುಪಿಸುವ ಕೆಲಸ ಮಾಡುತ್ತಿದ್ದವನು, ಆಮೇಲೆ ಜನರನ್ನೂ ಹತ್ತಿಸಿಕೊಳ್ಳತೊಡಗಿದ. ನಡುವಿನವನು 2018ರಲ್ಲಿ ಶುರು ಮಾಡಿದ. ಮಾತು ಸರಳ: ತರಬೇತಿ ಪಡೆದ ಸವಾರ, ಹಿಂದೆ ಕೂರುವವರಿಗೂ ಹೆಲ್ಮೆಟ್, ಹತ್ತುವ ಮೊದಲೇ ಗೊತ್ತಾಗುವ ದರ. ಸವಾರರನ್ನು ಅವನು 'ಪೈಲಟ್' ಅಂತ ಕರೆದ. ಒಕಾಡ ಅನ್ನೋ ಹೆಸರಿನ ಮೂಲ ನೋಡಿದರೆ ಒಳ್ಳೆ ಹೆಸರೇ.

ಈಗ ಮೊದಲ ದೊಡ್ಡ ತೀರ್ಮಾನಕ್ಕೆ ಬರೋಣ.

ಲಾಗೋಸ್ ರಾಜ್ಯದಲ್ಲಿ 2012ರಲ್ಲೇ ಒಂದು ಸಂಚಾರ ಕಾನೂನು ಬಂದಿತ್ತು. ಹೆದ್ದಾರಿ, ಸೇತುವೆ ಸೇರಿ 475 ರಸ್ತೆಗಳಲ್ಲಿ ಒಕಾಡ ಓಡಬಾರದು ಅಂತ ಅದು ಹೇಳಿತು. ಆಗ ಸಿಕ್ಕಾಪಟ್ಟೆ ಗಲಾಟೆ ಆಯಿತು, ಬೈಕುಗಳನ್ನು ಹಿಡಿದು ಜಜ್ಜಿದರು. ಕೆಲವು ತಿಂಗಳಾದ ಮೇಲೆ ಒಕಾಡಗಳು ಮೆಲ್ಲಗೆ ವಾಪಸ್ ಬಂದವು. ಕಾನೂನು ಪುಸ್ತಕದಲ್ಲಿ ಉಳಿಯಿತು, ಬೈಕು ರಸ್ತೆಯಲ್ಲಿ ಉಳಿಯಿತು. ಆ್ಯಪ್ ಕಂಪನಿಗಳು ಇದನ್ನು ಓದಿಕೊಂಡು ಒಂದು ದಾರಿ ಹುಡುಕಿದವು. ಸಣ್ಣ ಬೈಕಿಗೆ ಮಾತ್ರ ಅಡ್ಡಿ, 200 ಸಿಸಿ ಮತ್ತು ಮೇಲಿನದಕ್ಕೆ ಇಲ್ಲ ಅಂತ ಅರ್ಥ ಮಾಡಿಕೊಂಡವು. ನಡುವಿನವನು ಬೀದಿಯ ಸವಾರರನ್ನು ಅವರ ಬೈಕಿನ ಸಮೇತ ಆ್ಯಪ್‌ಗೆ ಸೇರಿಸಿಕೊಳ್ಳದೆ, ದುಬಾರಿಯಾದರೂ ಪರವಾಗಿಲ್ಲ ಅಂತ 200 ಸಿಸಿ ಬೈಕುಗಳನ್ನೇ ಇಳಿಸಿದ.

ನನ್ನ ಪ್ರಕಾರ ಈ ತೀರ್ಮಾನ ಅರ್ಧ ಸರಿ. ಬೈಕು ಚೆನ್ನಾಗಿತ್ತು, ನೋಡಿದ ಕೂಡಲೇ ಇದು ಮಾಮೂಲಿ ಒಕಾಡ ಅಲ್ಲ ಅಂತ ಗೊತ್ತಾಗುತ್ತಿತ್ತು. ಆದರೆ ಅವನು ಬೈಕಿನ ಜೊತೆಗೆ ಒಂದು ಭರವಸೆಯನ್ನೂ ಕೊಂಡುಕೊಂಡ: ಕಾನೂನು ನಮ್ಮ ಕಡೆ ಇದೆ ಅಂತ. ಕಾನೂನಿನ ಒಂದು ಸಂದಿಯಲ್ಲಿ ನುಸುಳಿ ನಿಂತವನನ್ನು, ಆ ಸಂದಿ ಮುಚ್ಚುವ ಅಧಿಕಾರ ಇರುವವನು ಇನ್ನೂ ಗಮನಿಸಿಲ್ಲ ಅನ್ನುವುದಷ್ಟೇ ಅದರ ಅರ್ಥ. ಇದನ್ನು ಆಗ ಯಾರಾದರೂ ಜೋರಾಗಿ ಹೇಳಿದ್ದರೆ ಹೂಡಿಕೆದಾರರ ಸಭೆಯಲ್ಲಿ ಅವರಿಗೆ ಕುರ್ಚಿ ಸಿಗುತ್ತಿರಲಿಲ್ಲ, ಅದು ಬೇರೆ ಮಾತು.

2019 ದುಡ್ಡಿನ ವರ್ಷ. ಮೇ ತಿಂಗಳಲ್ಲಿ ನಡುವಿನವನಿಗೆ 50 ಲಕ್ಷ ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಬಂತು. ಅಷ್ಟೊತ್ತಿಗೆ ಅವನ ಹತ್ತಿರ ಸಾವಿರದ ಆಸುಪಾಸು ಬೈಕು, ಹತ್ತಿರ ಹತ್ತಿರ 10 ಲಕ್ಷ ಸವಾರಿ ಮುಗಿಸಿದ ಲೆಕ್ಕ ಇತ್ತು. ಜೂನ್‌ನಲ್ಲಿ ಹಿರಿಯನಿಗೆ 70 ಲಕ್ಷ ಡಾಲರ್. ಇಬ್ಬರೂ ಸಮಬಲ, ಇನ್ನು ರೇಸು ಶುರು ಅಂತ ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ಸಾಹುಕಾರ ಬಂದ. ಅವನದ್ದು ನಿಜವಾಗಿ ಬೈಕ್ ಕಂಪನಿಯೇ ಅಲ್ಲ, ಮೊಬೈಲ್‌ನಲ್ಲಿ ದುಡ್ಡು ಕಳಿಸುವ ಕಂಪನಿ. ಜುಲೈಯಲ್ಲಿ 5 ಕೋಟಿ ಡಾಲರ್ ಎತ್ತಿದ. ನವೆಂಬರ್‌ನಲ್ಲಿ ಮತ್ತೆ 12 ಕೋಟಿ. ಒಂದೇ ವರ್ಷಕ್ಕೆ 17 ಕೋಟಿ ಡಾಲರ್! ಮಿಕ್ಕಿಬ್ಬರದ್ದೂ ಸೇರಿಸಿದರೂ ಅದರ ಹತ್ತನೇ ಒಂದು ಪಾಲು ದಾಟುವುದಿಲ್ಲ.

ಸಾಹುಕಾರನ ಲೆಕ್ಕವೇ ಬೇರೆ. ಅವನಿಗೆ ಬೈಕ್ ಸವಾರಿಯಲ್ಲಿ ಲಾಭ ಬೇಕಿರಲಿಲ್ಲ. ನಿಮ್ಮ ಫೋನಿನಲ್ಲಿ ಅವನ ವಾಲೆಟ್ ಕೂರಬೇಕಿತ್ತು. ದಿನಾ ಬೆಳಗ್ಗೆ ಆಫೀಸಿಗೆ ಹೋಗುವವನಿಗೆ ಅರ್ಧಕ್ಕಿಂತ ಕಡಿಮೆ ದರದಲ್ಲಿ ಸವಾರಿ ಕೊಟ್ಟರೆ ಅವನು ವಾಲೆಟ್‌ಗೆ ದುಡ್ಡು ಹಾಕುತ್ತಾನೆ. ಹಾಕಿದ ಮೇಲೆ ಅದೇ ಆ್ಯಪ್‌ನಲ್ಲಿ ಊಟ ತರಿಸುತ್ತಾನೆ, ಕರೆನ್ಸಿ ಹಾಕಿಸುತ್ತಾನೆ, ಊರಿಗೆ ಅಮ್ಮನಿಗೆ ದುಡ್ಡು ಕಳಿಸುತ್ತಾನೆ. ಹೀಗಾಗಿ ಸಾಹುಕಾರ ದುಡ್ಡನ್ನು ನೀರಿನ ಹಾಗೆ ಚೆಲ್ಲಿದ. ಹಸಿರು ಹೆಲ್ಮೆಟ್‌ಗಳು ಊರು ತುಂಬಾ ಕಾಣತೊಡಗಿದವು. ಸವಾರರಿಗೂ ಬೋನಸ್ ಮೇಲೆ ಬೋನಸ್. ಬೇರೆ ಕಂಪನಿಯ ಪೈಲಟ್‌ಗಳು ಅತ್ತ ನೋಡಿದ್ದರಲ್ಲಿ ತಪ್ಪೇನಿದೆ?

ಇಂಥ ಹೊತ್ತಲ್ಲಿ ಮಾಮೂಲಿ ಮನುಷ್ಯ ಏನು ಮಾಡುತ್ತಾನೆ? ತಾನೂ ದರ ಇಳಿಸುತ್ತಾನೆ. ನಡುವಿನವನು ಮಾಡಿದ್ದು ಬೇರೆ. 2019ರ ಆಗಸ್ಟ್‌ನಲ್ಲಿ, ಪೈಪೋಟಿ ಕಾದ ಹೆಂಚಿನ ಹಾಗಿದ್ದಾಗ, ಎರಡು ವಾರ ಅಂಗಡಿ ಮುಚ್ಚಿದ. ಪೂರ್ತಿ ಬಂದ್. ನಮ್ಮ ಸೇವೆ ನಾವು ಅಂದುಕೊಂಡ ಮಟ್ಟದಲ್ಲಿಲ್ಲ ಅಂತ ಒಪ್ಪಿಕೊಂಡು, ಪೈಲಟ್‌ಗಳಿಗೆ ಮತ್ತೆ ತರಬೇತಿ ಕೊಟ್ಟು, ಆ್ಯಪ್ ಸರಿ ಮಾಡಿ, ಆಮೇಲೆ ಬಾಗಿಲು ತೆಗೆದ. ಆಗ ತುಂಬಾ ಜನ ನಕ್ಕರು. ಎದುರಾಳಿ ಊರೆಲ್ಲ ಹಂಚುತ್ತಿರುವಾಗ ಇವನು ಪಾಠ ಹೇಳಿಸುತ್ತಿದ್ದಾನೆ ಅಂತ.

ನನಗೆ ಈ ತೀರ್ಮಾನ ಇಷ್ಟ. ದುಡ್ಡಿನಲ್ಲಿ ಸಾಹುಕಾರನನ್ನು ಸೋಲಿಸಲು ಆಗುವುದಿಲ್ಲ ಅನ್ನೋದು ಒಪ್ಪಿಕೊಂಡ ಮೇಲೆ ಉಳಿಯೋದು ಒಂದೇ: ಅವನು ಅವಸರದಲ್ಲಿ ಮಾಡದೆ ಬಿಟ್ಟಿದ್ದನ್ನು ನಾವು ಚೆನ್ನಾಗಿ ಮಾಡುವುದು. ಆದರೆ ಇಲ್ಲೊಂದು ಎಡವಟ್ಟಿದೆ. ಆ ಎರಡು ವಾರವೂ ಅವನು ನೋಡುತ್ತಿದ್ದಿದ್ದು ಗ್ರಾಹಕನ ಕಡೆ ಮತ್ತು ಎದುರಾಳಿಯ ಕಡೆ. ಅದೇ ತಿಂಗಳುಗಳಲ್ಲಿ ಬೀದಿಯಲ್ಲಿ ಇನ್ನೊಂದು ನಡೆಯುತ್ತಿತ್ತು. ನಾನು ಈ ಪ್ರಕರಣವನ್ನು ಮತ್ತೆ ಮತ್ತೆ ಹೇಳುವುದೇ ಅದರ ಸಲುವಾಗಿ.

ಲಾಗೋಸ್‌ನಲ್ಲಿ ಹಳದಿ ಡಾನ್ಫೊ ಬಸ್ ಇರಲಿ, ಕೆಕೆ ಅನ್ನುವ ಆಟೋ ಇರಲಿ, ಒಕಾಡ ಇರಲಿ, ದಿನದ ಗಳಿಕೆಯಲ್ಲಿ ಒಂದು ಪಾಲು ರಸ್ತೆ ಸಾರಿಗೆ ಕಾರ್ಮಿಕರ ಸಂಘಕ್ಕೆ ಹೋಗುತ್ತದೆ. ಸಂಘದ ಪರವಾಗಿ ಸ್ಟ್ಯಾಂಡಿನಲ್ಲಿ, ಸರ್ಕಲ್‌ನಲ್ಲಿ ನಿಂತು ವಸೂಲಿ ಮಾಡುವವರಿಗೆ ಅಗ್ಬೆರೊ ಅನ್ನುತ್ತಾರೆ. ಚೀಟಿ ಹರಿದು ಕೊಡುತ್ತಾರೆ, ದುಡ್ಡು ಕೊಡಬೇಕು. ಕೊಡಲ್ಲ ಅಂದರೆ ಬೈಕಿನ ಕೀ ಹೋಗುತ್ತದೆ. ಇದು ಸುಮ್ನೆ ರೌಡಿತನ ಅಂದುಕೊಂಡರೆ ತಪ್ಪು. ಈ ಸಂಘಕ್ಕೆ ರಾಜಕೀಯದ ಬಲ ಇದೆ, ಚುನಾವಣೆಯಲ್ಲಿ ಕೆಲಸಕ್ಕೆ ಬರುವ ಜನ ಇದ್ದಾರೆ. ರಸ್ತೆಯ ಮೇಲೆ ಯಾರು ಗಳಿಸಬಹುದು ಅನ್ನೋದನ್ನು ಅಲ್ಲಿ ದಶಕಗಳಿಂದ ಇವರೇ ತೀರ್ಮಾನ ಮಾಡಿಕೊಂಡು ಬಂದಿದ್ದಾರೆ.

ಆ್ಯಪ್ ಸವಾರನು ಸ್ಟ್ಯಾಂಡಿಗೇ ಬರುವುದಿಲ್ಲ. ಅವನಿಗೆ ಗಿರಾಕಿ ಫೋನಿನಲ್ಲಿ ಸಿಗುತ್ತಾನೆ. ಅಂದರೆ ಅಗ್ಬೆರೊ ಕಣ್ಣು ತಪ್ಪಿಸಿದ ಹಾಗಾಯಿತು. ಸಾವಿರ ಬೈಕು ಇದ್ದಾಗ ಇದು ನಡೆದುಹೋಯಿತು. ಸಾಹುಕಾರ ಬಂದು ಹಸಿರು ಹೆಲ್ಮೆಟ್ ಊರೆಲ್ಲ ಹರಡಿದ ಮೇಲೆ ನಡೆಯಲಿಲ್ಲ. 2019ರ ಮಧ್ಯದಿಂದಲೇ ಸವಾರರನ್ನು ಅಡ್ಡಗಟ್ಟುವುದು, ಹೊಡೆಯುವುದು, ಬೈಕು ಎತ್ತಿಕೊಂಡು ಹೋಗುವುದು ಶುರುವಾಯಿತು. ಇದರ ಜೊತೆಗೆ ರಾಜ್ಯ ಸರ್ಕಾರವೂ ಕಣ್ಣು ಬಿಟ್ಟಿತು. ಪ್ರತಿ 1,000 ಬೈಕಿಗೆ ವರ್ಷಕ್ಕೆ 2.5 ಕೋಟಿ ನೈರಾ, ಆಗಿನ ದರದಲ್ಲಿ ಸುಮಾರು 70 ಸಾವಿರ ಡಾಲರ್, ಲೈಸೆನ್ಸ್ ಶುಲ್ಕ ಕಟ್ಟಿಸುವ ಪ್ರಸ್ತಾಪ ಇದೆ ಅಂತ ಸುದ್ದಿ ಬಂತು.

ಇಲ್ಲಿ ತಿರುವು. ನಿಜವಾದ ತಿರುವು ನಿಷೇಧದ ದಿನ ಅಲ್ಲ, ಇದು. ಮೂರೂ ಕಂಪನಿಗಳಿಗೆ ಒಟ್ಟಿಗೆ ಕೂತು, ಒಂದೇ ದನಿಯಲ್ಲಿ, ನಮಗೊಂದು ನಿಯಮ ಮಾಡಿ, ಬರೆದು ಕೊಡಿ, ಅದಕ್ಕೆ ತಕ್ಕ ಶುಲ್ಕ ಕಟ್ಟುತ್ತೇವೆ ಅಂತ ಕೇಳುವ ಅವಕಾಶ ಇತ್ತು. ಮಾತುಕತೆ ನಡೆಯಲಿಲ್ಲ ಅಂತಲ್ಲ. ಸರ್ಕಾರದವರನ್ನು ನೋಡಿದರು, ಸಂಘದವರ ಜೊತೆ ಕೂತರು. ಆದರೆ ಪೈಪೋಟಿ ಒಬ್ಬರನ್ನೊಬ್ಬರು ನಂಬುವುದಕ್ಕೆ ಬಿಡಲಿಲ್ಲ. ಶುಲ್ಕ ದೊಡ್ಡದಾದರೆ ಸಣ್ಣವರು ಸಾಯುತ್ತಾರೆ, ಸಾಹುಕಾರ ಉಳಿಯುತ್ತಾನೆ. ಶುಲ್ಕ ಸಣ್ಣದಾದರೆ ಇನ್ನೂ ಹತ್ತು ಜನ ಬರುತ್ತಾರೆ. ಯಾವ ನಿಯಮ ಬಂದರೂ ಮೂವರಿಗೂ ಒಂದೇ ಲಾಭ ಇರಲಿಲ್ಲ. ಹಾಗಾಗಿ ದಿನದ ಚೀಟಿ ದುಡ್ಡು ಕೊಟ್ಟು, ಇವತ್ತಿನ ದಿನ ಕಳೆದರೆ ಸಾಕು ಅನ್ನೋ ಕಡೆಗೆ ಎಲ್ಲರೂ ಜಾರಿದರು. ಅಗ್ಬೆರೊಗೆ ಕೊಟ್ಟ ಚೀಟಿ ದುಡ್ಡು ಅವತ್ತಿಗೆ ರಸ್ತೆ ಬಿಡಿಸುತ್ತದೆ. ಅದರಿಂದ ರಸ್ತೆಯ ಮೇಲೆ ಹಕ್ಕು ಹುಟ್ಟುವುದಿಲ್ಲ.

ಅಷ್ಟರಲ್ಲಿ ಸಾಹುಕಾರನ ಮನೆಯಲ್ಲೂ ಎಲ್ಲ ಸರಿ ಇರಲಿಲ್ಲ. ಬೋನಸ್ ಕಡಿಮೆ ಮಾಡಿ, ಷರತ್ತು ಬಿಗಿ ಮಾಡುತ್ತಿದ್ದ ಹಾಗೆ ವರ್ಷದ ಕೊನೆಯಲ್ಲಿ ಅವನ ಸವಾರರೇ ಬೀದಿಗಿಳಿದು ಪ್ರತಿಭಟನೆ ಮಾಡಿದರು. ಚೆಲ್ಲಿದ ದುಡ್ಡು ಗಿರಾಕಿಯನ್ನು ತಂದುಕೊಟ್ಟಿತ್ತು, ನಿಷ್ಠೆಯನ್ನಲ್ಲ. ಇದು ಎಲ್ಲ ಊರಿನಲ್ಲೂ ಆಗುವುದೇ, ಹೆಚ್ಚು ಹೇಳುವುದಿಲ್ಲ.

2020ರ ಜನವರಿ 27. ಲಾಗೋಸ್ ಸರ್ಕಾರ ಪತ್ರಿಕಾಗೋಷ್ಠಿ ಕರೆದು, ಫೆಬ್ರವರಿ 1ರಿಂದ ಆರು ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಒಕಾಡ ಮತ್ತು ಕೆಕೆ ಎರಡೂ ಬಂದ್ ಅಂದಿತು. ಇಕೆಜಾ, ಸುರುಲೆರೆ, ಅಪಾಪಾ, ಲಾಗೋಸ್ ಮೇನ್‌ಲ್ಯಾಂಡ್, ಲಾಗೋಸ್ ಐಲ್ಯಾಂಡ್, ಎಟಿ-ಒಸಾ. ಭೂಪಟ ನೋಡಿದರೆ ಗೊತ್ತಾಗುತ್ತದೆ, ಊರಿನ ದುಡಿಮೆಯ ಭಾಗ ಎಲ್ಲ ಇದರಲ್ಲೇ ಬಂತು. ಕಾರಣ ಅಪಘಾತ ಮತ್ತು ಭದ್ರತೆ. 2016ರಿಂದ 2019ರವರೆಗೆ ಸರ್ಕಾರಿ ಜನರಲ್ ಆಸ್ಪತ್ರೆಗಳಲ್ಲೇ 10,000ಕ್ಕೂ ಹೆಚ್ಚು ಅಪಘಾತದ ಪ್ರಕರಣ ದಾಖಲಾಗಿವೆ ಅಂತ ಸರ್ಕಾರ ಹೇಳಿತು. ಆ ಸಂಖ್ಯೆ ಸುಳ್ಳು ಅಂತ ನಾನು ವಾದ ಮಾಡುವುದಿಲ್ಲ, ಒಕಾಡ ಅಪಾಯವೇ. ಆದರೆ ಹೆಲ್ಮೆಟ್ ಕೊಟ್ಟವನನ್ನೂ ಕೊಡದವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರು. 200 ಸಿಸಿ ಅಂದರೆ, ಯಾವ ಸಿಸಿ ಆದರೂ ಬೇಡ ಅಂದರು.

ಕೈಯಲ್ಲಿದ್ದಿದ್ದು ಐದೇ ದಿನ. ಕಂಪನಿಗಳು ಈಗ ಒಟ್ಟಾದವು. ಜಂಟಿ ಹೇಳಿಕೆ ಬಂತು, ಮೆರವಣಿಗೆ ಆಯಿತು, ಟ್ವಿಟರ್ ತುಂಬಾ ಸಿಟ್ಟು ಹರಿಯಿತು. ಫೆಬ್ರವರಿ ಮೊದಲ ವಾರದಲ್ಲಿ ಆಫೀಸಿನ ಬಟ್ಟೆ ಹಾಕಿಕೊಂಡವರು ಮೈಲಿಗಟ್ಟಲೆ ನಡೆದು ಹೋಗುವ ಫೋಟೊಗಳು ಎಲ್ಲ ಕಡೆ ಓಡಾಡಿದವು. ಸರ್ಕಾರ ಬದಲಿ ವ್ಯವಸ್ಥೆ ಅಂತ 65 ಬಸ್ಸು, 14 ದೋಣಿ ಬಿಟ್ಟಿತು. ಕೋಟಿ ದಾಟಿದ ಜನ ಇರುವ ಊರಿಗೆ 65 ಬಸ್ಸು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನುತ್ತಾರಲ್ಲ, ಹಾಗೆ. ಆದರೂ ನಿರ್ಧಾರ ಬದಲಾಗಲಿಲ್ಲ.

ಈಗ ಮೂವರೂ ಮೂರು ದಾರಿ ಹಿಡಿದರು. ಕಲಿಯುವವರಿಗೆ ಇದೇ ರಸವತ್ತಾದ ಭಾಗ.

ನಡುವಿನವನ ಹತ್ತಿರ ಉಳಿದಿದ್ದೇನು? ಬೈಕು, ಊರಿನ ಗಲ್ಲಿ ಗಲ್ಲಿ ಗೊತ್ತಿರುವ ಪೈಲಟ್‌ಗಳು, ಯಾರು ಎಲ್ಲಿದ್ದಾರೆ ಅಂತ ತೋರಿಸುವ ಆ್ಯಪ್. ಇಲ್ಲದಿದ್ದದ್ದು ಒಂದೇ, ಹಿಂದಿನ ಸೀಟಿನಲ್ಲಿ ಮನುಷ್ಯನನ್ನು ಕೂರಿಸುವ ಅನುಮತಿ. ನಿಷೇಧದಲ್ಲಿ ಸಾಮಾನು ಸಾಗಿಸುವ ಬೈಕಿಗೆ ವಿನಾಯಿತಿ ಇತ್ತು. ಹಾಗಾದರೆ ಹಿಂದಿನ ಸೀಟಿನ ಮೇಲೆ ಪೆಟ್ಟಿಗೆ ಕಟ್ಟೋಣ ಅಂತ ಅವನು ತಿಂಗಳೊಳಗೇ ಡೆಲಿವರಿಗೆ ತಿರುಗಿದ. ಸಿಬ್ಬಂದಿಯಲ್ಲಿ ಸುಮಾರು ಜನರನ್ನು ಕಳಿಸಬೇಕಾಯಿತು, ಅದು ನೋವಿನ ಮಾತು. ಜೊತೆಗೆ ದೋಣಿಯಲ್ಲಿ ಜನರನ್ನು ದ್ವೀಪಕ್ಕೆ ಕರೆದುಕೊಂಡು ಹೋಗುವ ಪ್ರಯತ್ನವನ್ನೂ ಮಾಡಿದ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಮಾರ್ಚ್ 30ರ ರಾತ್ರಿ, ಕೊರೊನಾ ಲಾಕ್‌ಡೌನ್ ಬಂತು. ಜನ ಮನೆಯಲ್ಲಿ, ಸಾಮಾನು ಮಾತ್ರ ಓಡಾಡಬೇಕು. ಇದು ಅದೃಷ್ಟ, ಒಪ್ಪುತ್ತೇನೆ. ಆದರೆ ಮಳೆ ಬರುವ ಹೊತ್ತಿಗೆ ಹೊಲ ಉತ್ತು ಇಟ್ಟಿದ್ದವನು ಅವನು. ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಾಯುತ್ತೇನೆ ಅಂತ ಕೂತಿದ್ದರೆ ಆ ಮಳೆ ಬೇರೆಯವರ ಹೊಲಕ್ಕೆ ಬೀಳುತ್ತಿತ್ತು.

ಹಿರಿಯ ಇನ್ನೊಂದು ಮಾಡಿದ. ಲಾಗೋಸ್ ಒಂದನ್ನೇ ನೆಚ್ಚಿಕೊಂಡರೆ ಒಬ್ಬ ಗವರ್ನರ್‌ನ ಒಂದು ಸಹಿಗೆ ಎಲ್ಲ ಮುಗಿಯುತ್ತದೆ ಅಂತ ಅರ್ಥ ಮಾಡಿಕೊಂಡು ಬೇರೆ ರಾಜ್ಯದ ಊರುಗಳ ಕಡೆ ಹೊರಳಿದ. ನಿಧಾನವಾಗಿ ಅವನ ವ್ಯಾಪಾರದ ಸ್ವರೂಪವೇ ಬದಲಾಯಿತು: ಸವಾರಿ ಮಾರುವುದಕ್ಕಿಂತ ಸವಾರನಿಗೆ ಸಾಲದ ಮೇಲೆ ವಾಹನ ಕೊಡುವುದು, ಎಲೆಕ್ಟ್ರಿಕ್ ಬೈಕು ಇಳಿಸುವುದು. ಗಿರಾಕಿಗಳ ಬೆನ್ನು ಹತ್ತುವ ಬದಲು ಸವಾರನನ್ನೇ ಗಿರಾಕಿ ಮಾಡಿಕೊಂಡ ಅಂತ ಹೇಳಬಹುದು.

ಇನ್ನು ಸಾಹುಕಾರ. 2020ರ ಮಧ್ಯದಲ್ಲಿ ಬೈಕ್ ಸವಾರಿಯನ್ನು ನಿಲ್ಲಿಸಿಬಿಟ್ಟ. ಎಷ್ಟೊಂದು ದುಡ್ಡು ಹಾಳು ಅಂತ ಎಲ್ಲರೂ ಚುಚ್ಚಿದರು. ಆದರೆ ಅವನು ಸೋತನಾ? 2021ರಲ್ಲಿ ಅದೇ ವಾಲೆಟ್ ಕಂಪನಿ 40 ಕೋಟಿ ಡಾಲರ್ ಎತ್ತಿತು, ಬೆಲೆ 200 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದರು. ಅವನಿಗೆ ಬೈಕು ಏಣಿ ಆಗಿತ್ತು. ಮೇಲೆ ಹತ್ತಿದ ಮೇಲೆ ಒದ್ದ. ನಡುವಿನವನು ಹಿರಿಯನೊಂದಿಗೆ ಪೈಪೋಟಿ ಮಾಡಬಹುದಿತ್ತು, ಇಬ್ಬರ ಆಟವೂ ಒಂದೇ. ಸಾಹುಕಾರನ ಜೊತೆ ದರದ ಪೈಪೋಟಿಗೆ ಇಳಿದಿದ್ದರೆ, ಸೋಲಲು ಹೆದರದವನ ಜೊತೆ ಕುಸ್ತಿ ಹಿಡಿದ ಹಾಗಾಗುತ್ತಿತ್ತು. ಆಗಸ್ಟ್‌ನಲ್ಲಿ ಅಂಗಡಿ ಮುಚ್ಚಿದ್ದು ನನಗೆ ಸರಿ ಅನ್ನಿಸುವುದು ಇದಕ್ಕೇ.

ಹಾಗಾದರೆ ಎಲ್ಲಿ ಬೇರೆ ಥರ ಮಾಡಬಹುದಿತ್ತು? ನಾನು ಈ ಪ್ರಕರಣವನ್ನು ಗೆಳೆಯರ ಮುಂದೆ ಇಟ್ಟಾಗಲೆಲ್ಲ ಹೆಚ್ಚಿನವರು ಲಾಬಿ ಮಾಡಬೇಕಿತ್ತು, ದೊಡ್ಡವರನ್ನು ಹಿಡಿಯಬೇಕಿತ್ತು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಾವಿರ ಬೈಕು ಇದ್ದಾಗಲೇ, ಯಾರ ಕಣ್ಣಿಗೂ ಬೀಳುವ ಮೊದಲೇ, ಸಂಘದ ಸವಾರರನ್ನು ಅವರ ಸ್ಟ್ಯಾಂಡಿನ ಸಮೇತ ಆ್ಯಪ್‌ಗೆ ಸೇರಿಸಿಕೊಂಡಿದ್ದರೆ ಏನಾಗುತ್ತಿತ್ತು ಅನ್ನೋದು ನನ್ನ ಪ್ರಶ್ನೆ. ಉಗಾಂಡಾದ ಕಂಪಾಲಾದಲ್ಲಿ ಒಂದು ಬೋಡಾ (ಅಲ್ಲಿನ ಬಾಡಿಗೆ ಬೈಕ್) ಕಂಪನಿ ಬೀದಿಯಲ್ಲಿ ಮೊದಲೇ ಇದ್ದ ಸವಾರರನ್ನೇ ತೆಗೆದುಕೊಂಡು, ಅವರಿಗೆ ತರಬೇತಿ, ಹೆಲ್ಮೆಟ್, ಜಾಕೆಟ್ ಕೊಟ್ಟು ಬೆಳೆಯಿತು. ಲಾಗೋಸ್‌ನ ಸಂಘ ಅಷ್ಟು ಸುಲಭಕ್ಕೆ ಬಗ್ಗುವುದಲ್ಲ, ಅದೂ ನಿಜ. ಆದರೆ ಹಳೆ ಒಕಾಡದವನನ್ನು ಪಕ್ಕಕ್ಕೆ ತಳ್ಳಿ ಬೆಳೆದ ಆ್ಯಪ್‌ಗೆ ಕಷ್ಟ ಬಂದ ದಿನ, ರಸ್ತೆಯಲ್ಲಿ ಅದರ ಪರ ನಿಲ್ಲುವ ಹಳಬ ಒಬ್ಬನೂ ಇರಲಿಲ್ಲ.

ನಿಷೇಧ ಬಂದು ಕೆಲವು ತಿಂಗಳಲ್ಲೇ ಮಾಮೂಲಿ ಒಕಾಡಗಳು ಗಲ್ಲಿಗಳಲ್ಲಿ ಮತ್ತೆ ಕಾಣಿಸಿಕೊಂಡವು, 2012ರ ನಂತರ ಆದ ಹಾಗೆಯೇ. ಆ್ಯಪ್ ಬೈಕು ಹಾಗೆ ಬರಲು ಆಗಲಿಲ್ಲ. ಹೆಸರು ಬರೆದ ಹೆಲ್ಮೆಟ್ ಹಾಕಿಕೊಂಡು ಕದ್ದು ಓಡುವುದು ಹೇಗೆ? 2022ರ ಜೂನ್ 1ರಿಂದ ಅದೇ ಆರು ಪ್ರದೇಶಗಳಲ್ಲಿ ಸರ್ಕಾರ ಒಕಾಡ ನಿಷೇಧವನ್ನು ಮತ್ತೊಮ್ಮೆ ಘೋಷಿಸಬೇಕಾಯಿತು. ಪೆಟ್ಟಿಗೆ ಕಟ್ಟಿದ ಡೆಲಿವರಿ ಬೈಕುಗಳು ಆಗಲೂ ಓಡಾಡುತ್ತಿದ್ದವು. ಇನ್ನು ಕಂತಿನ ಮೇಲೆ 200 ಸಿಸಿ ಬೈಕು ತೆಗೆದುಕೊಂಡಿದ್ದ ಪೈಲಟ್‌ಗಳ ಲೆಕ್ಕ ಬೇರೆ: ಆ ಫೆಬ್ರವರಿಯಲ್ಲಿ ಸವಾರಿ ನಿಂತಿತ್ತು, ಕಂತು ನಿಂತಿರಲಿಲ್ಲ.